ಕೆರೆ, ಕ್ವಾರಿ, ಕೊಳವೆಬಾವಿ ಮತ್ತು ಕಾನೂನು: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮಸಭೆ ಮುಗಿದ ಮೇಲೆ ಅರಳಿಕಟ್ಟೆಯ ಬಳಿ, ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ, ಕಾನೂನು ಅರಿವು ಶಿಬಿರಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನೂ ಕಾಗದ ಬರೆದು ಕೇಳಿದವನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕು, ಉತ್ತರ ಅಲ್ಲೇ ಪೂರ್ತಿಯಾಗಿದೆ.

## ಮೊದಲು ತಿಳಿಯಬೇಕಾದದ್ದು

ಹವಾಮಾನ ಬದಲಾವಣೆ ಎಂದರೆ ದೆಹಲಿಯವರು, ವಿದೇಶದವರು ಮಾತನಾಡುವ ವಿಷಯ. ನಮ್ಮ ತಾಲ್ಲೂಕು ಕಚೇರಿಗೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧವಿದೆ. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳಕೆಯೊಡೆದದ್ದನ್ನು ಕೋಲಾರ, ಚಿಕ್ಕಬಳ್ಳಾಪುರದ ರೈತರು ಮರೆತಿಲ್ಲ. ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳು ಆಗ ಕೋಡಿ ಬಿದ್ದವು. ಎರಡೇ ವರ್ಷ ಕಳೆದು, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಂದು ಮಳೆಯನ್ನೋ ಒಂದು ಬರವನ್ನೋ ತೋರಿಸಿ ಇದು ಹವಾಮಾನ ಬದಲಾವಣೆಯಿಂದಲೇ ಆದದ್ದು ಎನ್ನಲಾಗದು. ಆದರೆ ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹಿಡಿದಿಡುತ್ತದೆ. ಸುರಿದಾಗ ಒಮ್ಮೆಗೇ ಸುರಿಯುತ್ತದೆ, ನಡುವಿನ ಒಣ ದಿನಗಳು ಹಿಗ್ಗುತ್ತವೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆ ನೀರನ್ನು ಹಿಡಿಯಲು ಇರುವುದು ಕೆರೆ, ಕುಂಟೆ, ಕಾಲುವೆಗಳು ಮಾತ್ರ. ಅವುಗಳ ಗಡಿ, ಒತ್ತುವರಿ, ನಕ್ಷೆ ಎಲ್ಲವೂ ಇರುವುದು ತಾಲ್ಲೂಕು ಕಚೇರಿಯಲ್ಲಿ. ಜಗತ್ತಿನ ಹೊಗೆ ಎಷ್ಟು ಇಳಿಯಬೇಕು ಎಂಬುದನ್ನು ಪ್ಯಾರಿಸ್ ಒಪ್ಪಂದದಂಥವು ತೀರ್ಮಾನಿಸಲಿ. ಮುಂದಿನ ಮಳೆ ನಿಮ್ಮ ಕೆರೆ ತುಂಬುತ್ತದೆಯೋ ಹೊಲ ಕೊಚ್ಚುತ್ತದೆಯೋ ಎಂಬುದು ಬಹಳ ಸಲ ತಹಶೀಲ್ದಾರರ ಒಂದು ಆದೇಶದ ಮೇಲೆ ನಿಂತಿರುತ್ತದೆ.

ಹವಾಮಾನಕ್ಕೆಂದೇ ಒಂದು ಕಾನೂನು ಇಲ್ಲವೇ?

ಭಾರತದಲ್ಲಿ ಇಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದ ಕಾನೂನುಗಳೇ ಇಲ್ಲಿಯೂ ಕೆಲಸಕ್ಕೆ ಬರುತ್ತವೆ: 1974ರ ಜಲ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ, 2010ರ ಹಸಿರು ನ್ಯಾಯಮಂಡಳಿ ಕಾಯ್ದೆ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ ಇಂಗಾಲದ ಲೆಕ್ಕವಿಟ್ಟು ವ್ಯಾಪಾರ ಮಾಡುವ ವ್ಯವಸ್ಥೆಗೆ ದಾರಿ ಮಾಡಿತು. 2005ಕ್ಕೆ ಹೋಲಿಸಿದರೆ ಆರ್ಥಿಕತೆಯ ಪ್ರತಿ ಘಟಕಕ್ಕೆ ಹೊಮ್ಮುವ ಇಂಗಾಲವನ್ನು 2030ರೊಳಗೆ ಶೇ 45ರಷ್ಟು ಇಳಿಸುವುದಾಗಿಯೂ 2070ಕ್ಕೆ ನಿವ್ವಳ ಶೂನ್ಯ ತಲುಪುವುದಾಗಿಯೂ ದೇಶ ಜಗತ್ತಿಗೆ ಮಾತು ಕೊಟ್ಟಿದೆ. ಆ ಮಾತನ್ನು ಮುಂದಿಟ್ಟುಕೊಂಡು ನೀವು ಒಂದು ಕಾರ್ಖಾನೆಯ ಮೇಲೆ ದಾವೆ ಹೂಡಲು ಆಗುವುದಿಲ್ಲ. ಪ್ರತ್ಯೇಕ ಕಾನೂನು ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೂ ನಮ್ಮ ಜಿಲ್ಲೆಗಳ ಕೆರೆ, ಗುಡ್ಡಗಳಿಗೆ ಆಗುತ್ತಿರುವ ಹಾನಿಯಲ್ಲಿ ಬಹುಪಾಲನ್ನು ತಡೆಯಲು ಈಗಿರುವ ಕಾನೂನೇ ಸಾಕು ಎಂದು ನಾನು ನಂಬಿದ್ದೇನೆ.

ಒಳ್ಳೆಯ ನೀರು, ಒಳ್ಳೆಯ ಗಾಳಿ ನನ್ನ ಹಕ್ಕು ಎಂದು ಸಂವಿಧಾನದಲ್ಲಿ ಎಲ್ಲಿ ಬರೆದಿದೆ?

ಆ ಪದಗಳಲ್ಲಿ ಎಲ್ಲಿಯೂ ಬರೆದಿಲ್ಲ. 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಮಾಲಿನ್ಯವಿಲ್ಲದ ನೀರು, ಗಾಳಿ ಸೇರಿವೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 1976ರ 42ನೇ ತಿದ್ದುಪಡಿ ಎರಡು ವಿಧಿಗಳನ್ನು ಸೇರಿಸಿತು: 48ಎ ಪ್ರಕಾರ ಪರಿಸರ ಕಾಪಾಡುವುದು ಸರ್ಕಾರದ ಹೊಣೆ, 51ಎ(ಜಿ) ಪ್ರಕಾರ ಅದು ನಾಗರಿಕರ ಕರ್ತವ್ಯವೂ ಹೌದು. ಈಚಿನ ಮಹತ್ವದ ತೀರ್ಪು ಬಂದದ್ದು 2024ರ ಮಾರ್ಚ್ 21ರಂದು, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಉಳಿವಿನ ಪ್ರಕರಣದಲ್ಲಿ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು 14 ಮತ್ತು 21ನೇ ವಿಧಿಗಳಲ್ಲಿ ಅಡಕವಾಗಿದೆ ಎಂದು ನ್ಯಾಯಾಲಯ ಅದರಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿತು. 14ನೇ ವಿಧಿ ಸಮಾನತೆಯದು. ಬರ ಬಂದಾಗ ಹತ್ತು ಎಕರೆಯವನಿಗೂ ಕೂಲಿಯವಳಿಗೂ ಆಗುವ ಪೆಟ್ಟು ಒಂದೇ ಅಲ್ಲ ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಗುರುತಿಸಿತು ಎಂಬುದೇ ನನಗೆ ದೊಡ್ಡ ವಿಷಯ.

ಎಲ್ಲಿಗೆ ಹೋದರೂ "ಇದು ನಮ್ಮ ಇಲಾಖೆಗೆ ಬರುವುದಿಲ್ಲ" ಎನ್ನುತ್ತಾರೆ. ಮೊದಲು ಯಾರ ಬಳಿ ಹೋಗಬೇಕು?

ಕಾರ್ಖಾನೆಯ ಹೊಗೆ, ತ್ಯಾಜ್ಯನೀರು, ಶಬ್ದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಮಟ್ಟದ ಕಚೇರಿ. ಕಲ್ಲು, ಮರಳಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕೆರೆಯಾದರೆ ಅಚ್ಚುಕಟ್ಟು ಎಷ್ಟೆಂದು ಮೊದಲು ನೋಡಿ: 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಗಡಿ, ಒತ್ತುವರಿ ಯಾವುದೇ ಇರಲಿ, ತಹಶೀಲ್ದಾರರೇ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಬಾಗಿಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133) ಅಡಿ ಸಾರ್ವಜನಿಕ ಉಪದ್ರವವನ್ನು ತೆಗೆಯಲು ಉಪವಿಭಾಗಾಧಿಕಾರಿ ಆದೇಶಿಸಬಹುದು. ಹಣವಿಲ್ಲ ಎಂಬ ನೆಪ ಹೇಳಿ ಪುರಸಭೆ ಚರಂಡಿಯ ಕೆಲಸದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 1980ರ ರತ್ಲಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಕಲಂ ಇಟ್ಟುಕೊಂಡು.

ಎಲ್ಲಿಗೇ ಕೊಡಿ, ಲಿಖಿತವಾಗಿ ಕೊಡಿ. ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. "ನಮ್ಮ ಇಲಾಖೆಗೆ ಬರುವುದಿಲ್ಲ" ಎಂದರೆ ಅದನ್ನೇ ಹಿಂಬರಹವಾಗಿ ಬರೆದುಕೊಡಲು ಕೇಳಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇಲ್ಲ, ಹಿಂಬರಹಕ್ಕೆ ಇದೆ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

"ಏಕೆ ಕ್ರಮ ಕೈಗೊಂಡಿಲ್ಲ?" ಎಂದು ಕೇಳಬೇಡಿ; ಅಭಿಪ್ರಾಯ ಕೊಡುವ ಹೊಣೆ ಅಧಿಕಾರಿಗೆ ಇಲ್ಲ. ದಾಖಲೆ ಕೇಳಿ: ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ ಮತ್ತು ಷರತ್ತುಗಳು, ಕಳೆದ ತಪಾಸಣೆಯ ವರದಿ, ನೀರಿನ ಪರೀಕ್ಷೆಯ ಫಲಿತಾಂಶ, ಕ್ವಾರಿ ಗುತ್ತಿಗೆಯ ನಕ್ಷೆ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ.

## ಕೆರೆ, ಕಾಲುವೆ, ಅಂತರ್ಜಲ

ನಕ್ಷೆಯಲ್ಲಿ ರಾಜಕಾಲುವೆ ಇದೆ, ನೆಲದ ಮೇಲೆ ಇಲ್ಲ. ಮೂವತ್ತು ವರ್ಷದಿಂದ ಉಳುತ್ತಿದ್ದೇವೆ ಎನ್ನುತ್ತಾರೆ. ಏನು ಮಾಡಲಿ?

ಈ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗ್ರಾಮ ನಕಾಶೆಯ ಪ್ರತಿ ಪಡೆಯಿರಿ. ಹಳ್ಳ, ಕಾಲುವೆಗಳು ಅದರಲ್ಲಿ ಗೆರೆಗಳಾಗಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿದಿರುತ್ತವೆ. ಪಹಣಿಯಲ್ಲಿ ಆಯಾ ಸರ್ವೆ ನಂಬರಿನ 'ಬಿ ಖರಾಬು' ಎಷ್ಟು ಗುಂಟೆ ಎಂದು ನೋಡಿ. ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಭಾಗ, ಜಮೀನಿನ ಒಡೆಯನದ್ದಲ್ಲ. ಮೊಬೈಲಿನಲ್ಲಿ ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದು ಕಾಲುವೆ ಇರಬೇಕಾದ ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ನ್ಯಾಯಾಲಯಕ್ಕೆ ಅದು ಸಾಲದು, ಅರ್ಜಿ ಬರೆಯಲು ಸಾಕು.

ಆಮೇಲೆ ಹದ್ದುಬಸ್ತು ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಅರ್ಜಿ ಒಬ್ಬರ ಹೆಸರಿನಲ್ಲಿ ಇರುವುದಕ್ಕಿಂತ ಅಚ್ಚುಕಟ್ಟಿನ ಹತ್ತು ಜನರ ಸಹಿ ಇರಲಿ. ಸರ್ವೆಯವರು ಸರಪಳಿ ಹಿಡಿದು ಬಂದ ದಿನ ನೀವೂ ಅಲ್ಲಿರಬೇಕು. ಕಲ್ಲು ಎಲ್ಲಿ ನೆಟ್ಟರು, ಯಾವ ಬಾಂದಿನಿಂದ ಅಳತೆ ಶುರು ಮಾಡಿದರು ಎಂಬುದು ಮಹಜರಿನಲ್ಲಿ ಬರದಿದ್ದರೆ ಬರೆಯಿಸಿದ ಮೇಲೆಯೇ ಸಹಿ ಹಾಕಿ.

ಕೆರೆ, ಹಳ್ಳ, ನಾಲೆಗಳು ಸರ್ಕಾರದ ಸ್ವತ್ತು ಎಂದು ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. 104 ತೆರವಿಗೆ, 192ಎ ಒತ್ತುವರಿದಾರರ ಶಿಕ್ಷೆಗೆ. ಕೆರೆಯನ್ನು ಮುಚ್ಚುವುದು, ಅದಕ್ಕೆ ಕಸ, ಕೊಳಚೆ ಸುರಿಯುವುದು 2014ರ ಕೆರೆ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಮೂವತ್ತು ವರ್ಷದ ಉಳುಮೆ ಎಂಬ ವಾದಕ್ಕೆ ಜಗಪಾಲ್ ಸಿಂಗ್ ಪ್ರಕರಣದಲ್ಲಿ, 2011ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಬಹುಕಾಲದ ಅನುಭವ, ಖರ್ಚು ಮಾಡಿದ ಹಣ, ರಾಜಕೀಯ ಬಲ ಇವಾವುವೂ ಊರೊಟ್ಟಿನ ಜಾಗದ ಒತ್ತುವರಿಯನ್ನು ಸಕ್ರಮಗೊಳಿಸುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕಾಲುವೆಯ ಒಂದೇ ತುಂಡನ್ನು, ಒಬ್ಬರದನ್ನೇ ಅಳೆಯಿಸಿದರೆ ಅದು ದ್ವೇಷಕ್ಕೆ ತಿರುಗುತ್ತದೆ. ಅರ್ಧ ಎಕರೆಯ ಬಡವನ ಬದು ಒಡೆದು, ಮೇಲಿನ ಬಡಾವಣೆಯ ಕಾಂಪೌಂಡು ಹಾಗೇ ಉಳಿಯುತ್ತದೆ. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಅಂಗಳದವರೆಗೆ ಇಡೀ ಕಾಲುವೆಯ ಸರ್ವೆ ಕೇಳಿ. ನೀರಿಗೂ ಅದೇ ಬೇಕು, ನ್ಯಾಯಕ್ಕೂ ಅದೇ ಬೇಕು.

ನಮ್ಮ ಕೆರೆಗೆ ಬೆಂಗಳೂರಿನ ಕೊಳಚೆ ನೀರು ಬಿಡುತ್ತಿದ್ದಾರೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ?

ಸಂಸ್ಕರಿಸಿದ ನೀರಿಗೆ ಇದೆ, ಷರತ್ತುಗಳೊಂದಿಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಕೋಲಾರ ಭಾಗದ 126 ಕೆರೆಗಳಿಗೆ ತುಂಬಿಸುವುದು ಕೆ.ಸಿ. ವ್ಯಾಲಿ ಯೋಜನೆ, ಹೆಬ್ಬಾಳ–ನಾಗವಾರ ಕಣಿವೆಯ 210 ದಶಲಕ್ಷ ಲೀಟರ್ ಚಿಕ್ಕಬಳ್ಳಾಪುರದ ಕಡೆಗೆ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಜುಲೈನಲ್ಲಿ ಅಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ ತಡೆ ನೀಡಿತು, ಅದೂ ಕೆಲವೇ ತಿಂಗಳಲ್ಲಿ ತೆರವಾಯಿತು.

ಬತ್ತಿದ ಬಾವಿಗಳಲ್ಲಿ ನೀರು ಕಂಡದ್ದು ನಿಜ, ಅದನ್ನು ಅಲ್ಲಗಳೆಯುವುದು ರೈತರಿಗೆ ಮಾಡುವ ಅನ್ಯಾಯ. ನೀರಿಗೆ ಎರಡನೇ ಹಂತದ ಶುದ್ಧೀಕರಣ ಮಾತ್ರ ಆಗುತ್ತಿದೆ, ಮೂರನೇ ಹಂತ ಬೇಕು ಎಂಬ ಹೋರಾಟಗಾರರ ಒತ್ತಾಯವೂ ಅಷ್ಟೇ ನಿಜ. ಕೆರೆಗೆ ಇಳಿದದ್ದು ಕೊನೆಗೆ ಕುಡಿಯುವ ಬೋರಿಗೂ ಇಳಿಯುತ್ತದೆ. ಈ ನೀರು ಇಂಗುವುದಕ್ಕೆ. ಕೆರೆಗೆ ಮೋಟರ್ ಇಟ್ಟು ನೇರವಾಗಿ ಎತ್ತುವಂತಿಲ್ಲ. ನಿಮ್ಮ ಕೆರೆಯ ನೀರಿನ ಪರೀಕ್ಷಾ ವರದಿಯನ್ನು ಪಂಚಾಯತ್ ಮುಂದೆ ಅಂಟಿಸಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.

ನನ್ನ ಜಮೀನು, ನನ್ನ ದುಡ್ಡು. ಬೋರ್ ಕೊರೆಸಲು ಅನುಮತಿ ಏಕೆ?

1882ರ ಸುಖಾನುಭೋಗ ಕಾಯ್ದೆಯ ಕಾಲದಿಂದ ನೆಲದ ಒಡೆಯನಿಗೇ ಕೆಳಗಿನ ನೀರು ಎಂಬ ಭಾವನೆ ಬೇರೂರಿದೆ. ಕೈಬಾವಿ, ಏತದ ಕಾಲಕ್ಕೆ ಅದು ನಡೆಯುತ್ತಿತ್ತು. ಸಾವಿರ ಅಡಿ ದಾಟಿದ ಕೊಳವೆಬಾವಿ ನಿಮ್ಮ ಬದುವಿನ ಆಚೆಯ ನೀರನ್ನೂ ಎಳೆಯುತ್ತದೆ. ವರ್ಷದಲ್ಲಿ ತೆಗೆಯಬಹುದಾದ ನೀರಿಗಿಂತ ಹೆಚ್ಚು ತೆಗೆಯುವ ಪ್ರದೇಶವನ್ನು ಅತಿಬಳಕೆಯ ಪ್ರದೇಶ ಎನ್ನುತ್ತಾರೆ; ಕೋಲಾರ ಬಹುಕಾಲದಿಂದ ಆ ಪಟ್ಟಿಯಲ್ಲಿದೆ. ಅಧಿಸೂಚಿತ ಪ್ರದೇಶದಲ್ಲಿ ಹೊಸ ಬೋರಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು, ರಿಗ್ ಲಾರಿಗೂ ನೋಂದಣಿ ಬೇಕು. ಅದಕ್ಕೂ ಹಿಂದಿನ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ತಡೆಯುತ್ತದೆ. ಬೇಸಿಗೆಯಲ್ಲಿ ಊರಿನ ನಲ್ಲಿ ಒಣಗಿ, ಪಕ್ಕದ ತೋಟಕ್ಕೆ ನೀರು ಹರಿಯುತ್ತಿದ್ದರೆ ಮಹಿಳಾ ಸಂಘಗಳು ಈ 500 ಮೀಟರ್ ನಿಯಮವನ್ನೇ ಹಿಡಿಯಲಿ.

ನಮ್ಮೂರ ನೀರಿನಲ್ಲಿ ಫ್ಲೋರೈಡ್. ಯಾರ ಮೇಲೆ ಕೇಸು ಹಾಕಲಿ?

ಫ್ಲೋರೈಡ್ ಬರುವುದು ಇಲ್ಲಿನ ಕಲ್ಲಿನಿಂದ. ಆಳಕ್ಕೆ ಹೋದಷ್ಟೂ ಹೆಚ್ಚು. ಮಾಲಿನ್ಯ ಮಾಡಿದವರು ಎಂದು ಒಬ್ಬರನ್ನು ಬೊಟ್ಟು ಮಾಡಲಾಗದು. ಆದರೆ ಸುರಕ್ಷಿತ ಕುಡಿಯುವ ನೀರು ಕೊಡುವ ಹೊಣೆ ಸರ್ಕಾರದ್ದು. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಪರೀಕ್ಷಾ ವರದಿಯೊಂದಿಗೆ ಜಿಲ್ಲಾ ಪಂಚಾಯತ್‌ಗೆ ಬರೆಯಿರಿ; ಕದಲದಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ.

ನೀಲಗಿರಿ ಹಾಕಿದರೆ ತಪ್ಪೇ?

ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಡಿದ ಬುಡ ಮತ್ತೆ ಚಿಗುರುವುದರಿಂದ ಹಳೆಯ ತೋಪುಗಳು ಉಳಿದೇ ಇವೆ.

ಫಿಲ್ಟರ್ ಮರಳು ದಂಧೆಗೆ ಪೊಲೀಸರು ಬರುವುದಿಲ್ಲ, ಗಣಿ ಇಲಾಖೆಗೆ ಹೋಗಿ ಎನ್ನುತ್ತಾರೆ. ಸರಿಯೇ?

ಸರಿಯಲ್ಲ. ಕೆರೆ ಅಂಗಳದ, ಹಳ್ಳದ ದಂಡೆಯ ಮಣ್ಣನ್ನು ಜೆಸಿಬಿಯಲ್ಲಿ ತೋಡಿ ತೊಟ್ಟಿಗೆ ಸುರಿಯುತ್ತಾರೆ. ಬೋರಿನ ನೀರು ಹಾಯಿಸಿ ಕಲಕಿದಾಗ ಜೇಡಿ ತೊಳೆದುಹೋಗಿ ತಳದಲ್ಲಿ ಮರಳಿನಂಥದ್ದು ಉಳಿಯುತ್ತದೆ. ಒಂದೇ ಏಟಿಗೆ ಮೇಲ್ಮಣ್ಣೂ ಹೋಯಿತು, ಅಂತರ್ಜಲವೂ ಹೋಯಿತು, ಕೆಸರು ಹರಿದ ಪಕ್ಕದ ಹೊಲವೂ ಹೋಯಿತು. ಗಣಿ ಕಾಯ್ದೆ ಇದ್ದ ಮಾತ್ರಕ್ಕೆ ಕಳವಿನ ಅಪರಾಧ ಅಳಿಸಿಹೋಗುವುದಿಲ್ಲ, ಸರ್ಕಾರಿ ಜಾಗದ ಮರಳು ಕದ್ದರೆ ಪೊಲೀಸರೂ ಪ್ರಕರಣ ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ದೂರಿನಲ್ಲಿ ಸರ್ವೆ ನಂಬರ್, ಸಮಯ, ವಾಹನ ಸಂಖ್ಯೆ ಇರಲಿ. ರಾತ್ರಿ ಒಬ್ಬರೇ ಹೋಗಿ ಫೋಟೊ ತೆಗೆಯಬೇಡಿ, ಜೀವಕ್ಕಿಂತ ಸಾಕ್ಷಿ ದೊಡ್ಡದಲ್ಲ.

## ಕಾರ್ಖಾನೆ, ಕ್ವಾರಿ, ಗಣಿ

ಕಾರ್ಖಾನೆ ರಾತ್ರಿ ಹೊತ್ತು ಕೊಳಕು ನೀರು ಬಿಡುತ್ತದೆ. ಬಾಟಲಿಯಲ್ಲಿ ಹಿಡಿದು ತಂದರೆ ಸಾಕ್ಷಿಯಾಗುತ್ತದೆಯೇ?

ದೂರಿಗೆ ಬಲ ಕೊಡುತ್ತದೆ; ಜಲ ಕಾಯ್ದೆಯಡಿ ಶಿಕ್ಷೆ ಕೊಡಿಸುವ ಸಾಕ್ಷಿ ಆಗುವುದಿಲ್ಲ. 21ನೇ ಕಲಂ ಪ್ರಕಾರ ಮಾದರಿ ತೆಗೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ. ಕಾರ್ಖಾನೆಯವರಿಗೆ ಅಲ್ಲಿಯೇ ನೋಟಿಸು ಕೊಟ್ಟು, ಅವರೆದುರಿಗೇ ಮಾದರಿಯನ್ನು ಎರಡು ಭಾಗ ಮಾಡಿ, ಪಾತ್ರೆಗಳಿಗೆ ಮೊಹರು ಮಾಡಿ, ಇಬ್ಬರೂ ಸಹಿ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ವರದಿ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಆದ್ದರಿಂದ ಅಧಿಕಾರಿ ಬಂದಾಗ ಪಕ್ಕದಲ್ಲಿ ನಿಂತು ಈ ಕ್ರಮ ನಡೆಯಿತೇ ಎಂದು ನೋಡಿ. ನೀರು ಬಿಡುವ ವೇಳೆ, ವಾರದ ಯಾವ ದಿನ, ಮಳೆ ಬಂದಾಗಲೋ ಅಲ್ಲವೋ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅಧಿಕಾರಿ ಯಾವಾಗ ಬರಬೇಕೆಂದು ಹೇಳಲು ಅದು ಬೇಕಾಗುತ್ತದೆ. ಮಂಡಳಿಗೆ 33ಎ ಅಡಿ ಕಾರ್ಖಾನೆ ಮುಚ್ಚಿಸುವ, ವಿದ್ಯುತ್ ಕಡಿತಗೊಳಿಸುವ ಅಧಿಕಾರವೇ ಇದೆ.

ಕ್ವಾರಿಗೆ ಸಾರ್ವಜನಿಕ ಆಲಿಕೆ ಇಟ್ಟಿದ್ದಾರೆ. ಮಾತನಾಡಿದರೆ ಪ್ರಯೋಜನವಿದೆಯೇ?

ಸಿದ್ಧರಾಗಿ ಹೋದರೆ ಇದೆ. ಐದು ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು, ಆದರೆ ಎಲ್ಲ ಕ್ವಾರಿಗೂ ಆಲಿಕೆ ನಡೆಯುವುದಿಲ್ಲ. ನಡೆಯುವಾಗ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ 30 ದಿನ ಮುಂಚೆ ಪತ್ರಿಕಾ ಪ್ರಕಟಣೆ ಬರಬೇಕು, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಇರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸಬೇಕು, ಎಲ್ಲವನ್ನೂ ವಿಡಿಯೊ ಮಾಡಬೇಕು, ಕೊನೆಗೆ ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು. ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ. ನೀವು ಬಹಿಷ್ಕರಿಸಿದರೂ ಆಲಿಕೆ ನಡೆದಂತೆಯೇ ಲೆಕ್ಕ. ಹಾಗಾಗಿ ನಾನು ಬಹಿಷ್ಕಾರವನ್ನು ಒಪ್ಪುವುದಿಲ್ಲ.

ವೇದಿಕೆಯ ಮುಂದೆ ಕೂಗುವುದಕ್ಕಿಂತ ವರದಿಯ ತಪ್ಪು ಹಿಡಿಯಿರಿ. ಗುಡ್ಡದ ಬುಡದ ಹಳ್ಳವನ್ನು ಅದರಲ್ಲಿ ತೋರಿಸಿದ್ದಾರೆಯೇ? ಆ ಹಳ್ಳ ಯಾವ ಕೆರೆಗೆ ಹೋಗುತ್ತದೆ? ಶಾಲೆ ಎಷ್ಟು ದೂರ? ಎಷ್ಟು ಕೊಳವೆಬಾವಿಗಳಿವೆ? ಧೂಳು ಕೂರುವ ಹಿಪ್ಪುನೇರಳೆ ತೋಟಗಳ ಮಾತು ಎಲ್ಲಾದರೂ ಇದೆಯೇ? ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರಿಗೆ ಗೊತ್ತು, ಧೂಳು ಮೆತ್ತಿದ ಸೊಪ್ಪನ್ನು ಹುಳು ಸರಿಯಾಗಿ ಮೇಯುವುದಿಲ್ಲ. ಇಂಥ ಒಂದೊಂದನ್ನೂ ಲಿಖಿತವಾಗಿ ಕೊಡಿ. ಎತ್ತಿದ ಆಕ್ಷೇಪಕ್ಕೆ ಉತ್ತರಿಸದೆ ಅನುಮತಿ ಕೊಟ್ಟರೆ ಮುಂದೆ ಮೇಲ್ಮನವಿಯಲ್ಲಿ ಅದೇ ನಿಮ್ಮ ಮುಖ್ಯ ಆಧಾರ.

ಅನುಮತಿ ಇಲ್ಲದೆ ಶುರು ಮಾಡಿದವರಿಗೆ ಆಮೇಲೆ ಅನುಮತಿ ಕೊಡಬಹುದೇ?

2025ರ ಮೇ 16ರಂದು ಸುಪ್ರೀಂ ಕೋರ್ಟ್ ವನಶಕ್ತಿ ಪ್ರಕರಣದಲ್ಲಿ ಕೂಡದು ಎಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಮೂವರ ಪೀಠ ಎರಡು–ಒಂದರ ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ಮೊದಲಿನ ತೀರ್ಪೇ ಸರಿ ಎಂಬುದು ನನ್ನ ಅಭಿಪ್ರಾಯ: ಗುಡ್ಡ ಒಡೆದ ಮೇಲೆ ಅಧ್ಯಯನ ಮಾಡಲು ಏನೂ ಉಳಿದಿರುವುದಿಲ್ಲ.

ಕೆಜಿಎಫ್ ಸೈನೈಡ್ ದಿಬ್ಬಗಳ ಧೂಳು ಮನೆಗೆ ಬರುತ್ತದೆ. ಗಣಿ ಮುಚ್ಚಿದೆ, ಯಾರನ್ನು ಕೇಳುವುದು?

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಆದರೆ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ ಕಂಪನಿ. ಜಾಗದ ಒಡೆತನ, ಹೊಣೆ ಎರಡೂ ಅಲ್ಲೇ ಇವೆ. ನೂರು ವರ್ಷಕ್ಕೂ ಮಿಕ್ಕಿದ ಗಣಿಗಾರಿಕೆಯ ಪುಡಿ ಅದು, ಗಾಳಿಗಾಲದಲ್ಲಿ ಬಟ್ಟೆ ಒಣಹಾಕಲೂ ಆಗದಂತೆ ಏಳುತ್ತದೆ. ಕಲುಷಿತ ಸ್ಥಳಗಳ ನಿರ್ವಹಣೆಗೆ ಕೇಂದ್ರ 2025ರಲ್ಲಿ ನಿಯಮ ತಂದಾಗ ಗಣಿಗಾರಿಕೆಯನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿತು, ಇದು ಬೇಸರದ ವಿಷಯ. ಈಗಿನ ಅವಕಾಶ ಬೇರೆ ಕಡೆ ಇದೆ. ಸುಮಾರು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಅನುಮತಿಯ ಹಂತ ಬಂದಾಗಲೇ ಧೂಳು ತಡೆ, ಕಾರ್ಮಿಕ ಬಡಾವಣೆಗಳ ಆರೋಗ್ಯ ತಪಾಸಣೆ, ಮುಚ್ಚುವ ಯೋಜನೆಗೆ ಮುಂಗಡ ಹಣ ಇವೆಲ್ಲ ಷರತ್ತಾಗಿ ಬರಬೇಕು. ಆ ಹಂತ ಕಳೆದರೆ ಮತ್ತೆ ಇಂಥ ಅವಕಾಶ ಸಿಗುವುದು ಕಷ್ಟ.

ನ್ಯಾಯಾಲಯದಿಂದ ಗಣಿ ನಿಂತು, ನೆಲ ಸರಿಹೋದ ಉದಾಹರಣೆ ನಮ್ಮ ಕಡೆ ಇದೆಯೇ?

ತುಮಕೂರು ಜಿಲ್ಲೆಯಲ್ಲೇ ಇದೆ. ಲೋಕಾಯುಕ್ತ ವರದಿಯ ಬೆನ್ನಲ್ಲೇ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಚಿಕ್ಕನಾಯಕನಹಳ್ಳಿ ಕಡೆಯ ಗಣಿಗಳೂ ನಿಂತವು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮ ಎಸಗಿದ ಸಿ ವರ್ಗದ ಗುತ್ತಿಗೆ ರದ್ದು ಮಾಡಿತು. ಉಳಿದವು ನೆಲ ಸರಿಪಡಿಸುವ ಯೋಜನೆ ಒಪ್ಪಿದ ಮೇಲೆಯೇ ತೆರೆಯಬೇಕೆಂದಿತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಗಮವೂ ಆಯಿತು. ಸೇರಿದ ಹಣ ವರ್ಷಗಟ್ಟಲೆ ಖರ್ಚಾಗದೆ ಉಳಿದದ್ದು ಮಾತ್ರ ನೋವಿನ ಸಂಗತಿ. ಅದರ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟೇ 2022ರಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಬೇಕಾಯಿತು. ನಿಮ್ಮ ಗ್ರಾಮ ಪಂಚಾಯತ್ ಗಣಿಬಾಧಿತ ಪಟ್ಟಿಯಲ್ಲಿದ್ದರೆ ಯಾವ ಕಾಮಗಾರಿ ಮಂಜೂರಾಗಿದೆ ಎಂದು ಕೇಳಿ ಪಡೆಯಿರಿ.

## ನ್ಯಾಯಮಂಡಳಿ ಮತ್ತು ಮುಂದಿನ ಪ್ರಶ್ನೆಗಳು

ಹಸಿರು ನ್ಯಾಯಮಂಡಳಿಗೆ ಹೋಗಲು ಚೆನ್ನೈಗೆ ಓಡಾಡಬೇಕೇ? ಖರ್ಚು ಎಷ್ಟು?

ನಮ್ಮ ರಾಜ್ಯ ಚೆನ್ನೈನ ದಕ್ಷಿಣ ಪೀಠಕ್ಕೆ ಸೇರುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ; ಪರಿಹಾರ ಕೇಳಿದರೆ ಆ ಮೊತ್ತದ ಶೇ 1. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು, ಅದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇದೆ.

ಗಡುವುಗಳನ್ನು ಗೋಡೆಯ ಮೇಲೆ ಬರೆದಿಡಿ. ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಸಕಾರಣವಿದ್ದರೆ ಇನ್ನೂ 60 ದಿನ. ತೊಂಬತ್ತು ದಾಟಿದರೆ ಎಷ್ಟೇ ಗಟ್ಟಿ ಪ್ರಕರಣವಿದ್ದರೂ ನ್ಯಾಯಮಂಡಳಿ ಮುಟ್ಟುವುದಿಲ್ಲ. ಇತರ ಅರ್ಜಿಗೆ ಆರು ತಿಂಗಳು, ಪರಿಹಾರಕ್ಕೆ ಐದು ವರ್ಷ. ಸತ್ಯ ನಮ್ಮ ಕಡೆಯೇ ಇದೆ, ನಿಧಾನವಾಗಿ ಹೋದರಾಯಿತು ಎಂದುಕೊಂಡ ಎಷ್ಟೋ ಊರುಗಳು ಸೋತದ್ದು ಇಲ್ಲೇ. ವನ್ಯಜೀವಿ ಕಾಯ್ದೆ, ಅರಣ್ಯ ಹಕ್ಕು ಕಾಯ್ದೆಯ ವ್ಯಾಜ್ಯಗಳು ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ, ಅವಕ್ಕೆ ಹೈಕೋರ್ಟೇ.

ಈಗ ಮಾಲಿನ್ಯಕ್ಕೆ ಜೈಲೇ ಇಲ್ಲವಂತೆ, ಹೌದೇ?

ಬಹುಮಟ್ಟಿಗೆ ಹೌದು. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶಿಕ್ಷೆ ಅಪರೂಪವಾಗಿದ್ದಾಗ ಬೇಗ ಬೀಳುವ ದಂಡವೇ ಮೇಲು ಎಂಬುದು ಸರ್ಕಾರದ ವಾದ. ದೊಡ್ಡ ಉದ್ಯಮಕ್ಕೆ 15 ಲಕ್ಷ ಒಂದು ಖರ್ಚಿನ ಬಾಬ್ತು ಅಷ್ಟೇ ಎಂಬುದು ನನ್ನ ಆತಂಕ. ಹಾಗಿದ್ದೂ ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ವ 1996ರ ವೆಲ್ಲೂರು ಚರ್ಮೋದ್ಯಮ ಪ್ರಕರಣದಿಂದ ನಮ್ಮ ಕಾನೂನಿನ ಭಾಗ. ಅದರಡಿ ಹಸಿರು ನ್ಯಾಯಮಂಡಳಿ ವಿಧಿಸುವ ಪರಿಸರ ಪರಿಹಾರಕ್ಕೆ ಈ 15 ಲಕ್ಷದ ಮಿತಿ ಅಂಟುವುದಿಲ್ಲ.

ಪಾವಗಡದ ಸೋಲಾರ್ ಪಾರ್ಕಿಗೆ ಪರಿಸರ ಅಧ್ಯಯನ ಏಕೆ ಬೇಕಾಗಲಿಲ್ಲ? ಒಳ್ಳೆಯ ಕೆಲಸಕ್ಕೆ ನಿಯಮ ಬೇಡವೇ?

ಸೌರ ವಿದ್ಯುತ್ ಯೋಜನೆಗಳನ್ನು 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಹೊರಗಿಡಲಾಗಿದೆ. ಸುಮಾರು 13,000 ಎಕರೆ, 2,050 ಮೆಗಾವಾಟ್‌ನ ಪಾರ್ಕಿಗೂ ಅದೇ ಅನ್ವಯಿಸಿತು. ಜಮೀನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು, ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಹಲವರಿಗೆ ಖಚಿತ ಆದಾಯ ತಂದಿತು. ಪಹಣಿ ಇಲ್ಲದವರಿಗೆ, ಕೂಲಿಯವರಿಗೆ, ಕುರಿಗಾಹಿಗಳಿಗೆ ಆ ಗುತ್ತಿಗೆ ಹಣ ಬರಲಿಲ್ಲ; ಮೇಯಿಸುವ ಬಯಲು ಮಾತ್ರ ಬೇಲಿಯೊಳಗೆ ಹೋಯಿತು. ಇದನ್ನು ಮೊದಲೇ ಲೆಕ್ಕ ಹಾಕಿಸುವುದೇ ಪರಿಣಾಮ ಅಧ್ಯಯನದ ಕೆಲಸ.

ಎತ್ತಿನಹೊಳೆಯದೂ ಇದೇ ಕಥೆ. 24.01 ಟಿಎಂಸಿ ನೀರನ್ನು ಸಕಲೇಶಪುರದ ಘಟ್ಟದಿಂದ ನಮ್ಮ ಕಡೆಗೆ ತರುವ ಯೋಜನೆ ಕುಡಿಯುವ ನೀರಿನದು ಎಂಬ ಕಾರಣಕ್ಕೆ ಪರಿಸರ ಅನುಮತಿಯಿಂದ ಹೊರಗುಳಿಯಿತು. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ನೀರು ಬೇಕಾದವರು ನಾವೇ. ಆದರೂ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಕಾಡಿಗೆ, ಬಯಲಿಗೆ ಆಗುವ ಹಾನಿ ಕಡಿಮೆಯಾಗುವುದಿಲ್ಲ. ಎರ್ಲಡ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎದುರಿಸಿದ್ದೂ ಇದನ್ನೇ: ಸೌರ ವಿದ್ಯುತ್ತಿನ ತಂತಿಯೂ ಬೇಕು, ಆ ತಂತಿಗೆ ತಾಗಿ ಸಾಯುವ ಹಕ್ಕಿಯೂ ಉಳಿಯಬೇಕು. ನ್ಯಾಯಾಲಯ ತಜ್ಞರ ಸಮಿತಿಗೆ ವಹಿಸಿತು. ಹಸಿರು ಯೋಜನೆಗಳಿಗೂ ಚಿಕ್ಕದಾದ, ಬೇಗ ಮುಗಿಯುವ ಅಧ್ಯಯನ ಕಡ್ಡಾಯವಾಗಬೇಕು ಎಂಬುದು ನನ್ನ ನಿಲುವು.

ಅಕಾಲ ಮಳೆಗೆ ಟೊಮೆಟೊ ಕೊಚ್ಚಿಹೋಯಿತು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ಪರಿಹಾರಕ್ಕೆ ದಾವೆ ಹೂಡಬಹುದೇ?

ಆ ಒಂದೇ ಹೆಸರಿನಲ್ಲಿ ಹೂಡಿದರೆ ಇಂದಿಗೆ ನಿಲ್ಲುವುದು ಕಷ್ಟ. ಉತ್ತರಾಖಂಡದ ಒಂಬತ್ತು ವರ್ಷದ ಬಾಲಕಿಯೊಬ್ಬಳು ಸರ್ಕಾರ ಹವಾಮಾನದ ವಿಷಯದಲ್ಲಿ ಸಾಕಷ್ಟು ಮಾಡುತ್ತಿಲ್ಲ ಎಂದು 2017ರಲ್ಲಿ ಹಸಿರು ನ್ಯಾಯಮಂಡಳಿಗೆ ಹೋದಳು. 2019ರಲ್ಲಿ ಅರ್ಜಿ ವಜಾ ಆಯಿತು. ಅದೇ ವರ್ಷ ನೆದರ್ಲೆಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಸರ್ಕಾರಕ್ಕೆ 1990ಕ್ಕೆ ಹೋಲಿಸಿ ಶೇ 25ರಷ್ಟು ಹೊಗೆ ಇಳಿಸಲೇಬೇಕೆಂದು ಆದೇಶಿಸಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸಲಹಾತ್ಮಕ ಅಭಿಪ್ರಾಯ ಕೊಟ್ಟಿತು. ನಮ್ಮಲ್ಲೂ ಎರ್ಲಡ್ಡು ಪ್ರಕರಣದ 2024ರ ತೀರ್ಪು ಹಕ್ಕನ್ನು ಒಪ್ಪಿದೆ. ಅದನ್ನು ಹಿಡಿದು ಇಂಥವರಿಂದ ಇಷ್ಟು ಪರಿಹಾರ ಎಂದು ಕೇಳುವ ದಾರಿ ಇನ್ನೂ ತೆರೆದುಕೊಳ್ಳಬೇಕಿದೆ.

ಸದ್ಯಕ್ಕೆ ಕೈಗೆ ಸಿಗುವುದು ವಿಪತ್ತು ಪರಿಹಾರ ನಿಧಿಯ ಸಹಾಯಧನ: ಬೆಳೆ ಹಾನಿ ಶೇ 33 ಅಥವಾ ಹೆಚ್ಚಿದ್ದರೆ, ಎರಡು ಹೆಕ್ಟೇರ್ ಮಿತಿಯಲ್ಲಿ, 2022ರ ಮಾನದಂಡದಂತೆ ಹೆಕ್ಟೇರ್‌ಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000 ರೂಪಾಯಿ. ಟೊಮೆಟೊಗೆ ಹಾಕಿದ ಬಂಡವಾಳದ ಮುಂದೆ ಇದು ಏನೂ ಅಲ್ಲ.

ಇನ್ನೊಂದು ದಾರಿ ಇದೆ. ನಿಮ್ಮ ತೋಟಕ್ಕೆ ನೀರು ನುಗ್ಗಿದ್ದು ಮಳೆ ಹೆಚ್ಚಾಗಿದ್ದರಿಂದ ಮಾತ್ರವೋ, ಮೇಲಿನ ಕಾಲುವೆ ಮುಚ್ಚಿದ್ದರಿಂದಲೋ ನೋಡಿ. ಕಾಲುವೆ ಮುಚ್ಚಿದ್ದು, ಅದನ್ನು ತೆರೆಯಿಸಬೇಕೆಂದು ನೀವು ಹಿಂದೆಯೇ ಅರ್ಜಿ ಕೊಟ್ಟಿದ್ದು, ಇಲಾಖೆ ಸುಮ್ಮನಿದ್ದದ್ದು ದಾಖಲೆಯಲ್ಲಿದ್ದರೆ ಅದು ಕರ್ತವ್ಯಲೋಪ. ಅದಕ್ಕೆ ಪರಿಹಾರ ಕೇಳಬಹುದು. ನೀರು ಇಳಿಯುವ ಮೊದಲೇ ತಾರೀಖು ಬರುವಂತೆ ಫೋಟೊ ತೆಗೆದಿಡಿ, ಗ್ರಾಮ ಆಡಳಿತಾಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿ, ಹಳೆಯ ಅರ್ಜಿಯ ಮೊಹರು ಹಾಕಿದ ನಕಲನ್ನು ಅದಕ್ಕೆ ಲಗತ್ತಿಸಿ.